ಕೊನೆ ಬರೆಯದ ಪ್ರಸಂಗ: ಪಾತ್ರವಹಿಸುವ ಮೇಜಿನಾಟವನ್ನು ಮೊದಲ ಬಾರಿಗೆ ನಡೆಸುವವರಿಗೆ

ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರಾಗಿ ಕುಳಿತ ನಾಲ್ಕಾರು ಜನರು ಕೇವಲ ವಾಗ್ಬಲದಿಂದ ಕಿಷ್ಕಿಂಧೆಯನ್ನೋ ಹಸ್ತಿನಾವತಿಯನ್ನೋ ಕಣ್ಣೆದುರು ನಿಲ್ಲಿಸಬಲ್ಲರೆಂಬುದು ಕಾಸರಗೋಡಿನ ಸೀಮೆಯಲ್ಲಿ ತಾಳಮದ್ದಳೆಯನ್ನು ಕೇಳಿದವರಿಗೆ ಹೊಸ ಸಂಗತಿಯಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯ ಮೊದಲಾದ ಅರ್ಥಧಾರಿಗಳು ಭಾಗವತರ ಪದ ಮುಗಿದೊಡನೆ ಆಡುತ್ತಿದ್ದ ಮಾತು ಯಾವ ಹೊತ್ತಗೆಯಲ್ಲಿಯೂ ಬರೆದಿಟ್ಟುದಲ್ಲ. ಎದುರಾಳಿಯ ವಾದವನ್ನು ಕೇಳಿದ ಆ ಗಳಿಗೆಯಲ್ಲಿಯೇ ಹುಟ್ಟಿದುದು. ಆದರೂ ಅಲ್ಲಿ ಒಂದು ಕಟ್ಟಳೆಯುಂಟು: ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಎಷ್ಟೇ ನಿರುತ್ತರನನ್ನಾಗಿಸಲಿ, ಪ್ರಸಂಗ ಮುಗಿಯುವುದರೊಳಗೆ ಅವನು ಸಾಯಲೇಬೇಕು. ಈ ಅಧ್ಯಾಯದಲ್ಲಿ ವಿವರಿಸಹೊರಟಿರುವ ಆಟದಲ್ಲಿ ಆ ಕಟ್ಟಳೆಯಿಲ್ಲ. ಇಲ್ಲಿ ವಾಲಿ ಬದುಕಬಹುದು, ರಾಮನು ಬಿಲ್ಲನ್ನು ಕೆಳಗಿಡಬಹುದು, ಇಬ್ಬರೂ ಕೂಡಿ ಸುಗ್ರೀವನನ್ನು ಹುಡುಕಿಕೊಂಡು ಹೊರಡಲೂಬಹುದು. ಆಟವನ್ನು ನಡೆಸುವವನಿಗೂ ಅದು ಮುಂಚಿತವಾಗಿ ತಿಳಿದಿರುವುದಿಲ್ಲ, ತಿಳಿದಿರಲೂಬಾರದು.

ಆಟದ ಸ್ವರೂಪ ಸರಳವಾದುದು. ಮೂವರೋ ನಾಲ್ವರೋ ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು, ಯೋಧ, ಮಾಂತ್ರಿಕ, ಕಳ್ಳ ಎಂಬಂತೆ, ವಹಿಸಿಕೊಳ್ಳುತ್ತಾರೆ. ಉಳಿದ ಸಮಸ್ತ ಪ್ರಪಂಚವೂ, ಎಂದರೆ ಊರು, ಮಳೆ, ರಾಕ್ಷಸ, ಸಂತೆಯ ಮುದುಕಿ, ಎಲ್ಲವೂ ಸೂತ್ರಧಾರನೊಬ್ಬನ ಪಾಲಿಗೆ ಬರುತ್ತದೆ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ಪಾತ್ರಗಳೊಡನೆ ಮಾತಿಗೆ ಮಾತು ಬೆಳೆಸುತ್ತ, ಬೇಕಾದೆಡೆ ತಾನೇ ಇನ್ನೊಂದು ಪಾತ್ರವಾಗಿ ಬಿಡುವುದನ್ನು ನೋಡಿದವನಿಗೆ ಈ ಕೆಲಸ ತೀರ ಅಪರಿಚಿತವೆನಿಸಲಾರದು. ಸಂದೇಹವಿರುವ ಕಾರ್ಯಗಳ ಫಲವನ್ನು ಮಾತ್ರ ದಾಳ ನಿರ್ಣಯಿಸುತ್ತದೆ.

ಇದರ ಮೂಲವನ್ನು ಹುಡುಕಿದರೆ ಸೇನಾಶಿಬಿರಕ್ಕೆ ಹೋಗಿ ಮುಟ್ಟುತ್ತೇವೆ. 1824ರಲ್ಲಿ ಪ್ರಷ್ಯದ ಅಧಿಕಾರಿ ರೈಸ್ವಿಟ್ಸ್ ಎಂಬಾತನು ಸೇನಾನಾಯಕರ ಶಿಕ್ಷಣಕ್ಕಾಗಿ ನಕ್ಷೆಯ ಮೇಲಿನ ಯುದ್ಧಕ್ರೀಡೆಯೊಂದನ್ನು ರೂಪಿಸಿ, ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥನನ್ನು ಕೂರಿಸಿದನು. 1876ರಲ್ಲಿ ವೆರ್ಡಿ ದ್ಯು ವೆರ್ನ್ವಾ ಎಂಬ ಸೇನಾನಿಯು, ನಿಯಮಗಳ ಜಟಿಲತೆಗೆ ಬೇಸತ್ತು, ಅನುಭವಿಯಾದ ಮಧ್ಯಸ್ಥನ ವಿವೇಕವೇ ಸಾಕೆಂದು ವಾದಿಸಿದನು. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವನು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣವನ್ನು ಹೂಡಿ, ಸೈನ್ಯಗಳ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಕೊಟ್ಟನು. ಆಟಗಾರರು ಅವನ ಯೋಜನೆಯನ್ನೆಲ್ಲ ಬಿಟ್ಟು ತಮ್ಮತಮ್ಮಲ್ಲಿಯೇ ಸಂಚು ಹೂಡತೊಡಗಲು, ಆಟ ಕೆಟ್ಟಿತೆಂದು ಅವನು ಕೈಚೆಲ್ಲಿದನು. ಅವರೋ, ಇನ್ನೊಮ್ಮೆ ಆಡಿಸೆಂದು ಬೆನ್ನುಹತ್ತಿದರು. ಅವರಲ್ಲೊಬ್ಬನಾದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್‌ನೊಡನೆ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೂರು ಕಿರುಪುಸ್ತಕಗಳ ಪೆಟ್ಟಿಗೆಯನ್ನು ಹೊರತಂದನು; ಮೊದಲ ಮುದ್ರಣ 1000 ಪ್ರತಿ. ಹೊಸಬನು ಈ ಚರಿತ್ರೆಯಿಂದ ತೆಗೆದುಕೊಳ್ಳಬೇಕಾದುದು ವೆಸ್ಲಿಯ ಪ್ರಸಂಗವನ್ನು ಮಾತ್ರ. ಯೋಜನೆ ಮುರಿದ ಸ್ಥಳದಲ್ಲಿಯೇ ಆಟ ಪ್ರಾರಂಭವಾಗುತ್ತದೆ.

ಹಾಗಾದರೆ ಸಿದ್ಧತೆಯೇ ಬೇಡವೆ? ಬೇಕು; ಆದರೆ ಸಿದ್ಧಪಡಿಸಬೇಕಾದುದು ಕಥೆಯನ್ನಲ್ಲ, ಸನ್ನಿವೇಶವನ್ನು. ಮಂದ್ರೂಪದಲ್ಲಿ ಕುಳಿತು ಆಡುವವರು ಇದಕ್ಕಾಗಿ ಯೂರೋಪಿನ ಕೋಟೆಕೊತ್ತಲಗಳನ್ನು ಎರವಲು ತರಬೇಕಾಗಿಲ್ಲ. ನಮ್ಮದೇ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮೆಗೆ ಸೀನಾ ಬಂದು ಕೂಡುವ ಹತ್ತರಸಂಗ ಕೂಡಲವಿದೆ. ಅಲ್ಲಿ ಸಂಗಮೇಶ್ವರನ ಗುಡಿಯಿದೆ, ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಗಣಿಸಲ್ಪಟ್ಟ, ಶಕ 940ರ, ಎಂದರೆ ಕ್ರಿ.ಶ. 1018ರ ಬರಹವಿದೆ, ನೆರೆಯ ಹರಿಹರೇಶ್ವರ ಗುಡಿಯಲ್ಲಿ 359 ಮುಖಗಳನ್ನು ಕೆತ್ತಿದ ಲಿಂಗವಿದೆ. ಇಂಥ ಸ್ಥಳವನ್ನು ಎದುರಿಗಿಟ್ಟುಕೊಂಡೂ ಕಲ್ಪನೆ ಕೆರಳದವನು ಬೇರೊಂದು ಆಟವನ್ನು ಹುಡುಕಿಕೊಳ್ಳುವುದು ಲೇಸು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಸೊನ್ನಲಿಗೆಯ ಸಿದ್ಧರಾಮನನ್ನಾಗಲಿ ಅಕ್ಕಲಕೋಟೆಯ ಸ್ವಾಮಿಗಳನ್ನಾಗಲಿ ಯಾರಿಗೂ ಪಾತ್ರವಾಗಿ ಹಂಚತಕ್ಕದ್ದಲ್ಲ. ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತು ಕೇಳುತ್ತಿರುತ್ತಾರೆಂಬುದನ್ನು ಸೂತ್ರಧಾರನು ಮರೆಯಬಾರದು.

ಸನ್ನಿವೇಶ ಹೀಗಿರಲಿ: ಹೊಳೆಗೆ ಮಹಾಪೂರ ಬಂದಿದೆ, ಆಚೆಯ ದಂಡೆಯ ಪಾಳುಬಿದ್ದ ಹುಡೇದ ಮೇಲೆ ಮೂರು ರಾತ್ರಿಗಳಿಂದ ದೀಪ ಕಾಣುತ್ತಿದೆ, ಹೊತ್ತು ಮುಳುಗಿದ ಮೇಲೆ ಅಂಬಿಗನು ದೋಣಿ ಬಿಡಲೊಲ್ಲನು, ಊರ ಗೌಡನು ಏನನ್ನೋ ಮರೆಮಾಚುತ್ತಿದ್ದಾನೆ. ಅಂಬಿಗನ ಅಂಜಿಕೆಗೆ ಕಾರಣವೇನು, ಗೌಡನು ಮುಚ್ಚಿಟ್ಟುದೇನು, ಯಾರೂ ಅತ್ತ ಸುಳಿಯದಿದ್ದರೆ ಹುಡೇದಲ್ಲಿರುವವನು ಮುಂದೇನು ಮಾಡುವನು ಎಂಬ ಮೂರು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದಿಟ್ಟುಕೊಂಡರೆ ಮೊದಲ ಆಟಕ್ಕೆ ಸಾಕು. ಮೂರನೆಯ ಪ್ರಶ್ನೆಯೇ ಮುಖ್ಯವಾದುದು. ಏಕೆಂದರೆ ಆಟಗಾರರು ಹೊಳೆ ದಾಟದೆ ಗೌಡನ ಮನೆಯ ಅಟ್ಟವನ್ನು ಶೋಧಿಸಲು ಹೊರಟರೂ, ಆಚೆಯ ದಂಡೆಯಲ್ಲಿ ಲೋಕವು ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತದೆ. ಅವರನ್ನು ಹೊಳೆಯ ಕಡೆಗೆ ತಳ್ಳುವುದಕ್ಕೆಂದು ಅಟ್ಟವನ್ನು ಬರಿದುಮಾಡುವ ಸೂತ್ರಧಾರನು, ಆಡುವುದಕ್ಕೆ ಬಂದವರನ್ನು ಕೇಳುಗರನ್ನಾಗಿ ಕೂರಿಸಿದಂತಾಗುತ್ತದೆ.

ದಾಳದ ವಿಷಯ ಸ್ವಲ್ಪ. ಈ ಆಟದ ಪ್ರಸಿದ್ಧ ದಾಳಕ್ಕೆ 20 ಮುಖಗಳು. ಅದು ಮಂದ್ರೂಪದ ಅಂಗಡಿಯಲ್ಲಿ ಸಿಗದಿದ್ದರೆ 1ರಿಂದ 20ರವರೆಗೆ ಬರೆದ ಚೀಟಿಗಳನ್ನು ತಂಬಿಗೆಯಲ್ಲಿ ಹಾಕಿ ಎತ್ತಬಹುದು, ಎತ್ತಿದ ಚೀಟಿಯನ್ನು ಮರಳಿ ಹಾಕಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. 1979ರ ಸುಮಾರಿಗೆ ದಾಳದ ಅಭಾವವುಂಟಾದಾಗ ಆಟದ ಪ್ರಕಾಶಕರೇ ಪೆಟ್ಟಿಗೆಯಲ್ಲಿ ಅಂಕಿಯ ಚೀಟಿಗಳನ್ನು ಇಟ್ಟು ಮಾರಿದ್ದರು. ಈಸಿ ಹೊಳೆ ದಾಟಲು 13 ಅಥವಾ ಅದಕ್ಕೂ ಮೇಲೆ ಬೀಳಬೇಕೆಂದು ಗೊತ್ತುಮಾಡಿದರೆ, 20ರಲ್ಲಿ 8 ಮುಖಗಳು ಅನುಕೂಲ, ಎಂದರೆ ನೂರಕ್ಕೆ 40. ಪಾತ್ರದ ತೋಳ್ಬಲಕ್ಕಾಗಿ 3 ಕೂಡಿಸಿದರೆ ದಾಳದಲ್ಲಿ 10 ಬಿದ್ದರೂ ಸಾಕಾಗುವುದರಿಂದ 11 ಮುಖಗಳು, ನೂರಕ್ಕೆ 55. ಆದರೆ ದಾಳ ಉರುಳುವ ಮೊದಲೇ ಪಣವೇನೆಂಬುದನ್ನು ಬಾಯಿಬಿಟ್ಟು ಹೇಳಬೇಕು.

“ಕಾಕಾ, ನಾ ದೋಣಿ ಹತ್ತೂದಿಲ್ಲ. ಈಸಿ ಹೋಗ್ತೀನಿ.”

“ಹೋಗು. ಆದ್ರ ಹೊಳಿ ತುಂಬಿ ಬಂದೈತಿ. ಸೋತ್ರ ದಂಡಿ ಮುಟ್ತೀ, ನಿನ್ನ ಕತ್ತಿ ಮಾತ್ರ ಹೊಳಿ ಪಾಲ. ಆಗೂದೇನು?”

ಇಲ್ಲಿ ಸೋಲು ದಾರಿಯನ್ನು ಮುಚ್ಚಲಿಲ್ಲ, ತಿರುಗಿಸಿತು. ಆಯುಧವಿಲ್ಲದೆ ಹುಡೇದ ಮೆಟ್ಟಿಲು ಹತ್ತುವವನ ಕಥೆ ಆಯುಧವುಳ್ಳವನ ಕಥೆಗಿಂತ ರಸವತ್ತಾಗಿರುವುದೂ ಉಂಟು. ಸೋತರೆ ಏನೂ ಆಗುವುದಿಲ್ಲವೆಂದು ಕಂಡಲ್ಲಿ ದಾಳವನ್ನು ಮುಟ್ಟಲೇಬೇಡಿರಿ. ಮುಂದುವರಿಯಲು ಅತ್ಯಾವಶ್ಯಕವಾದ ಸುಳಿವನ್ನಂತೂ ದಾಳದ ಹಿಂದೆ ಅಡಗಿಸಕೂಡದು. ದಾಳ ಕೈಕೊಟ್ಟರೆ ಐದು ಜನರು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕೂರಬೇಕಾಗುತ್ತದೆ.

ನಿಯಮಪುಸ್ತಕದ ಭಯವು ಹೊಸಬರಿಗೆ ಸಹಜ. ಮೂಲ ನಿಯಮಗಳು ಈಗ ಉಚಿತವಾಗಿಯೇ ದೊರೆಯುತ್ತವೆ. ಆದರೆ ಆಟದ ನಡುವೆ ಪುಟ ಮಗುಚುತ್ತ ಕುಳಿತರೆ ಹುಡುಗರ ಕೈ ಮೊಬೈಲಿನತ್ತ ಸರಿಯುತ್ತದೆ. ತತ್ಕಾಲಕ್ಕೆ ನ್ಯಾಯವೆಂದು ತೋರಿದ ತೀರ್ಪನ್ನು ಕೊಟ್ಟು, ಆಟ ಮುಗಿದ ಮೇಲೆ ಪುಸ್ತಕವನ್ನು ನೋಡುವುದು ಯುಕ್ತ. ವೆರ್ನ್ವಾ ಹೇಳಿದುದೂ ಅದನ್ನೇ. ಆಟಗಾರನ ಅಂತರಂಗಕ್ಕೆ ಮಾತ್ರ ಕೈಹಾಕಬೇಡಿರಿ. ಹುಡೇದೊಳಗೆ ಏನು ಕಂಡಿತು, ಯಾವ ವಾಸನೆ ಬಂದಿತು ಎಂಬುದನ್ನು ಹೇಳುವ ಹಕ್ಕು ಸೂತ್ರಧಾರನದು. ಅದನ್ನು ಕಂಡು ಅಂಜಬೇಕೋ ನಗಬೇಕೋ ಎಂಬುದು ಪಾತ್ರವಹಿಸಿದವನ ಸ್ವತ್ತು. ಮಾತಿನ ಭಾಷೆಯ ವಿಷಯದಲ್ಲಿ ಬಿಗಿ ಅನಾವಶ್ಯಕ: ನಮ್ಮ ಗಡಿಯ ಮನೆಗಳಲ್ಲಿ ಕನ್ನಡದಲ್ಲಿ ಮೊದಲಾದ ವಾಕ್ಯ ಮರಾಠಿಯಲ್ಲಿ ಮುಗಿಯುವುದು ನಿತ್ಯದ ಸಂಗತಿ, ಕಾವಲುಗಾರನು ಮರಾಠಿಯಲ್ಲಿ ಗದರಿದರೆ ಆಟಕ್ಕೆ ಕಳೆಯೇ ಏರುತ್ತದೆ. ಬಾಯಿಬಡುಕನೊಬ್ಬನು ಎಲ್ಲರ ಪರವಾಗಿಯೂ ತಾನೇ ಮಾತನಾಡತೊಡಗಿದಾಗ, ಮೂಲೆಯಲ್ಲಿ ಸುಮ್ಮನಿರುವ ತಂಗಿಯ ಕಡೆಗೆ ತಿರುಗಿ, “ಅವ್ವಿ, ನಿನ್ನ ಮಾಂತ್ರಿಕಿ ಈಗ ಎಲ್ಲಿ ನಿಂತಾಳ?” ಎಂದು ಕೇಳುವುದು ಸೂತ್ರಧಾರನ ಧರ್ಮ.

ಮೊದಲ ಆಟ ಎರಡು ಮೂರು ಗಂಟೆಗಳನ್ನು ಮೀರದಿರಲಿ. ಏಳುವ ಮೊದಲು, ಆತುರದಲ್ಲಿ ಬಾಯಿಗೆ ಬಂದಂತೆ ಇಟ್ಟ ಹೆಸರುಗಳನ್ನೆಲ್ಲ ಬರೆದಿಟ್ಟುಕೊಳ್ಳತಕ್ಕದ್ದು, ಏಕೆಂದರೆ ನೀವು ಮರೆತ ಅಂಬಿಗನ ಹೆಸರನ್ನು ಹುಡುಗರು ಮರೆಯುವುದಿಲ್ಲ. ಅನಂತರ, ಮುಂದಿನ ವಾರ ಯಾವ ಕಡೆಗೆ ಹೊರಡುವಿರೆಂದು ಅವರನ್ನೇ ಕೇಳಿ, ಅವರು ತೋರಿಸಿದ ದಿಕ್ಕಿನಷ್ಟನ್ನು ಮಾತ್ರ ಸಿದ್ಧಪಡಿಸಿಕೊಳ್ಳುವುದು.