ಗರ್ಭಿಣಿಯರಲ್ಲಿ ಕಬ್ಬಿಣದ ಕೊರತೆ: ಅದರ ಪತ್ತೆ ಮತ್ತು ಉಪಚಾರ

ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯಲ್ಲಿ ಕರಗಿಸುವ ಕಾರ್ಯ ೧೯೨೩ರಲ್ಲಿ ಮೊದಲಾಯಿತು. ಆ ಕಬ್ಬಿಣದ ಊರಿನಲ್ಲಾಗಲಿ ನೆರೆಯ ಶಿವಮೊಗ್ಗದಲ್ಲಾಗಲಿ ಗರ್ಭಿಣಿಯೊಬ್ಬಳಿಗೆ ಒಂಬತ್ತು ತಿಂಗಳಿಗೆ ಬೇಕಾಗುವ ಕಬ್ಬಿಣವಾದರೋ ಒಟ್ಟು ಸುಮಾರು ಒಂದು ಗ್ರಾಂ ಮಾತ್ರ. ಅದರಲ್ಲಿ ೩೦೦ ಮಿಲಿಗ್ರಾಮಿನಷ್ಟು ಶಿಶುವಿಗೂ ಮಾಸುವಿಗೂ ಸಲ್ಲುತ್ತದೆ. ಅರ್ಧದಷ್ಟು ತಾಯಿಯಲ್ಲಿ ಹೆಚ್ಚುವ ರಕ್ತಕಣಗಳಿಗೆ ಬೇಕು. ಇಷ್ಟನ್ನೂ ಆಹಾರವೊಂದರಿಂದಲೇ ಪಡೆಯುವುದು ಕಷ್ಟ. ರಾಗಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣವಿಲ್ಲವೆಂದಲ್ಲ. ಅದರ ಅಲ್ಪಾಂಶವನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ನಿಂಬೆಯ ರಸ ಆ ಅಂಶವನ್ನು ಹೆಚ್ಚಿಸಿದರೆ ಕಾಫಿ, ಚಹಾಗಳು ತಗ್ಗಿಸುತ್ತವೆ. ಮಲೆನಾಡಿನವರಿಗೆ ಕಾಫಿ ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿರಲೆಂದಷ್ಟೇ ಹೇಳುತ್ತೇವೆ.

ರೆಪ್ಪೆಯ ಒಳಭಾಗ ಬಿಳಿಚಿದೆಯೇ ಎಂದು ನೋಡುವುದು ಹಳೆಯ ಪದ್ಧತಿ. ಅಲ್ಪಪ್ರಮಾಣದ ರಕ್ತಹೀನತೆ ಅದರ ಕಣ್ಣಿಗೆ ಬೀಳದು. ಹಿಮೋಗ್ಲೋಬಿನನ್ನು ಅಳೆದೇ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ ೨೦೨೪ರಲ್ಲಿ ಪ್ರಕಟಿಸಿದ ಪ್ರಕಾರ, ೧೦೦ ಮಿಲಿಲೀಟರು ರಕ್ತದಲ್ಲಿ ಅದು ಮೊದಲ ಹಾಗೂ ಕೊನೆಯ ಮೂರು ತಿಂಗಳಲ್ಲಿ ೧೧ ಗ್ರಾಮಿಗಿಂತಲೂ, ನಡುವಣ ಮೂರು ತಿಂಗಳಲ್ಲಿ ೧೦.೫ ಗ್ರಾಮಿಗಿಂತಲೂ ಕಡಮೆಯಿದ್ದರೆ ರಕ್ತಹೀನತೆಯೆನಿಸುತ್ತದೆ. ಗರ್ಭಾವಸ್ಥೆಯಲ್ಲಿ ರಕ್ತಕಣಗಳಿಗಿಂತ ರಕ್ತದ ದ್ರವಭಾಗವೇ ಹೆಚ್ಚಾಗಿ ಬೆಳೆದು ರಕ್ತ ತೆಳುವಾಗುವುದರಿಂದ ಈ ವ್ಯತ್ಯಾಸ.

ಆದರೆ ಹಿಮೋಗ್ಲೋಬಿನ್ ತಡವಾಗಿ ಬರುವ ಸಾಕ್ಷಿ. ಶರೀರದಲ್ಲಿ ಕೂಡಿಟ್ಟ ಕಬ್ಬಿಣ ಮೊದಲು ಬರಿದಾಗುತ್ತದೆ. ಅದಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯತೊಡಗುವುದು. ಈ ಕೂಡಿಕೆಯ ಸುಳಿವನ್ನು ಕೊಡುವುದು ಫೆರಿಟಿನ್. ಮೊದಲ ಮೂರು ತಿಂಗಳಲ್ಲಿ ಲೀಟರಿಗೆ ೧೫ ಮೈಕ್ರೋಗ್ರಾಮಿಗಿಂತ ಅದು ಕಡಮೆಯಾದರೆ ಕೊರತೆಯುಂಟೆಂದು ತಿಳಿಯಬೇಕು. ಸೋಂಕಿದ್ದಾಗ ಫೆರಿಟಿನ್ ತಾನಾಗಿ ಏರುವುದರಿಂದ, ಆಗ ಬಂದ ಒಳ್ಳೆಯ ಅಂಕವನ್ನು ನೆಚ್ಚುವಂತಿಲ್ಲ. ಮತ್ತೆ, ರಕ್ತಹೀನತೆಯೆಲ್ಲವೂ ಕಬ್ಬಿಣದ ಕೊರತೆಯಿಂದಲೇ ಬಂದುದಲ್ಲ; ಬಿ-೧೨ ಜೀವಸತ್ವದ ಅಭಾವ, ಥಲಸ್ಸೀಮಿಯ ಮುಂತಾದುವನ್ನೂ ಪರಿಶೀಲಿಸಬೇಕಾಗುತ್ತದೆ.

೨೦೧೮ರ 'ಅನೀಮಿಯಾ ಮುಕ್ತ ಭಾರತ' ಯೋಜನೆಯಂತೆ ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಮಾತ್ರೆಯನ್ನು ೧೮೦ ದಿನ ಸೇವಿಸಬೇಕು. ಹೆರಿಗೆಯ ಅನಂತರವೂ ಅಷ್ಟೇ ದಿನ. ಒಂದೊಂದರಲ್ಲಿಯೂ ೬೦ ಮಿಲಿಗ್ರಾಂ ಕಬ್ಬಿಣ, ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ರಕ್ತಹೀನತೆ ಕಂಡುಬಂದವರಿಗೆ ದಿನಕ್ಕೆ ಎರಡು. ಸುಣ್ಣದ ಅಂಶವಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಡನೆ ನುಂಗಬಾರದು. ಒಂದು ತಿಂಗಳ ಉಪಚಾರದಿಂದ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟೂ ಏರದಿದ್ದರೆ ಅಥವಾ ಅದು ೭ ಗ್ರಾಮಿಗಿಂತ ಕೆಳಗಿದ್ದರೆ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಭದ್ರಾವತಿಯವರಿಗೆ ಅದು ಶಿವಮೊಗ್ಗದ ಮೆಗ್ಗಾನ್ ಬೋಧನಾಸ್ಪತ್ರೆ. ಅಂತಹವರಿಗೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡುವುದುಂಟು. ತಡಮಾಡುವಂತಿಲ್ಲ: ಹೆರಿಗೆಯ ರಕ್ತಸ್ರಾವವನ್ನು ಬೇರೆಯವರು ತಾಳಿಕೊಂಡಾರು, ಇವರು ತಾಳಲಾರರು.

ಮಾತ್ರೆ ಕೈಗೆ ಬಂದುದರಿಂದಲೇ ಅದು ಹೊಟ್ಟೆಗೆ ಹೋಯಿತೆನ್ನಲಾಗದು. ವಾಕರಿಕೆಯಿಂದ ಕೆಲವರು ಬಿಡುತ್ತಾರೆ. ಮಲ ಕಪ್ಪಾದುದನ್ನು ಕಂಡು ಹೆದರಿ ಕೆಲವರು ಬಿಡುತ್ತಾರೆ. ಇದನ್ನು ಮೊದಲ ದಿನವೇ ತಿಳಿಸಿಹೇಳಿ, ಮುಂದಿನ ಭೇಟಿಯಲ್ಲಿ ಉಳಿದ ಮಾತ್ರೆಗಳನ್ನು ಗದರಿಸದೆ ಎಣಿಸಿ ನೋಡಬೇಕು.