ಎದೆ ಢವಢವ ಎಂದಾಗ

ದ್ವಿತೀಯ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆಯ ದಿನಗಳು. ಓದಲು ಕುಳಿತರೂ, ಮಲಗಿದರೂ ನನ್ನ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಹೃದಯಕ್ಕೇ ಏನೋ ಆಗಿದೆ ಎಂದು ಹೆದರಿ, ದಿನಕ್ಕೆ ಹತ್ತಾರು ಬಾರಿ ನಾಡಿ ಹಿಡಿದು ಎಣಿಸುತ್ತಿದ್ದೆ. ಕೊನೆಗೆ ಉಮ್ಮನಿಗೆ ಹೇಳಿದೆ. ವೈದ್ಯರು ಇಸಿಜಿ, ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ, "ಹೃದಯ ಚೆನ್ನಾಗಿದೆ, ಇದು ಆತಂಕ" ಎಂದರು.

ಕಾರಣ ನಮ್ಮ ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲೇ ಇದೆ. ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಹೃದಯದ ಬಡಿತ ಏರುತ್ತದೆ. ಆ ಬಡಿತಕ್ಕೆ ನಾನು ಹೆದರುತ್ತಿದ್ದೆ. ಹೆದರಿದಷ್ಟೂ ಬಡಿತ ಏರುತ್ತಿತ್ತು. ನಾಡಿ ಎಣಿಸುವುದು ಬೆಂಕಿಗೆ ತುಪ್ಪ ಸುರಿದಂತಾಗಿತ್ತು.

ಈಗ ಆ ಅಭ್ಯಾಸ ಬಿಟ್ಟಿದ್ದೇನೆ. ಎದೆ ಹೊಡೆದುಕೊಂಡರೆ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುತ್ತೇನೆ. ಉಸಿರು ಬಿಡುವಾಗ ಬಡಿತ ತಾನಾಗಿಯೇ ತಗ್ಗುತ್ತದೆ. ರಾತ್ರಿಯ ಚಹಾ ನಿಲ್ಲಿಸಿದ್ದೇನೆ. ಢವಢವ ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದಂತೆಯೇ ಹೋಗುತ್ತದೆ ಎಂಬುದು ಗೊತ್ತಿರುವುದರಿಂದ ಪುಸ್ತಕ ಮುಚ್ಚುವುದಿಲ್ಲ.

ಗೆಳೆಯರೇ, ಆತಂಕವೆಂದು ನೀವೇ ತೀರ್ಮಾನಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಇದ್ದರೆ ತಡಮಾಡಬೇಡಿ. ಮನೆಯಲ್ಲಿ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡಬಹುದು.