ನಾಗಪುರದಲ್ಲಿ ಕೈಗೆ ಬಂದ ಅಳತೆಗಳು

ಲೆಕ್ಕಕ್ಕೆ ಎರಡು ತೊಗರಿ ಹೊಲ ಇಟ್ಟುಕೊಳ್ಳೋಣ. ಒಂದು ಸಿಂಧನೂರು ಕಡೆಯದು, ಕಾಲುವೆ ನೀರು ಹತ್ತುವಂಥದ್ದು. ಇನ್ನೊಂದು ಲಿಂಗಸುಗೂರು ಕಡೆಯದು, ಮಳೆಯನ್ನೇ ನಂಬಿದ್ದು. ಐದು ವರ್ಷದ ಇಳುವರಿ, ಎಕರೆಗೆ ಕ್ವಿಂಟಲ್‌ನಲ್ಲಿ: ಮೊದಲನೆಯದು 4, 5, 4, 3, 4; ಎರಡನೆಯದು 7, 1, 6, 0, 6. ಸರಾಸರಿ ಎರಡಕ್ಕೂ 4. ಆದರೆ ಅಂಕಿಗಳ ಹರವು, ಅಂದರೆ ಮಾನಕ ವಿಚಲನೆ, ಮೊದಲನೆಯದರಲ್ಲಿ ಸುಮಾರು 0.6, ಎರಡನೆಯದರಲ್ಲಿ 2.9. ಸೊನ್ನೆ ಬೆಳೆದ ವರ್ಷ ಎರಡನೇ ಹೊಲದವನಿಗೆ ಬೀಜದ ದುಡ್ಡೂ ಹುಟ್ಟಿಲ್ಲ.

ಎರಡು ಗುಂಪಿನ ಅಂಕಿಗಳನ್ನು ಹೋಲಿಸುವಾಗ ಈ ಹರವನ್ನು ಹೇಗೆ ಲೆಕ್ಕಕ್ಕೆ ತರುವುದು? 1920ರಲ್ಲಿ ಕಲ್ಕತ್ತೆಯ ಭೌತಶಾಸ್ತ್ರದ ಮೇಷ್ಟ್ರು ಪ್ರಶಾಂತಚಂದ್ರ ಮಹಲನೋಬಿಸ್ ನಾಗಪುರದ ವಿಜ್ಞಾನ ಕಾಂಗ್ರೆಸ್ಸಿಗೆ ಹೋಗಿದ್ದರು. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ಮೈಯಳತೆಗಳನ್ನು ಲೆಕ್ಕ ಹಾಕಿಕೊಡಿ ಎಂದು ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನಂಡೇಲ್ ಅಲ್ಲಿ ಅವರನ್ನು ಕೇಳಿದರು. ಜನರನ್ನು ಅಳೆದು ಗುಂಪು ಕಟ್ಟುವ ಆ ಕಾಲದ ಗೀಳು ನನಗೆ ಹಿಡಿಸುವುದಿಲ್ಲ. ಅದರಿಂದ ಹುಟ್ಟಿದ ಲೆಕ್ಕ ಮಾತ್ರ ದೊಡ್ಡದು.

ಆಗ ಚಾಲ್ತಿಯಲ್ಲಿದ್ದ ಕಾರ್ಲ್ ಪಿಯರ್ಸನ್ನರ ಅಳತೆಗೆ ಒಂದು ತೊಡಕಿತ್ತು: ಹೆಚ್ಚು ಜನರನ್ನು ಅಳೆದಷ್ಟೂ ಗುಂಪುಗಳ ಅಂತರವೇ ಹಿಗ್ಗಿದಂತೆ ಕಾಣುತ್ತಿತ್ತು. ಇನ್ನೊಂದು ತೊಡಕು, ಎತ್ತರ ಇದ್ದವರ ತೋಳೂ ಸಾಮಾನ್ಯವಾಗಿ ಉದ್ದ. ಎರಡನ್ನೂ ಬಿಡಿಬಿಡಿಯಾಗಿ ಕೂಡಿಸಿದರೆ ಒಂದೇ ವ್ಯತ್ಯಾಸವನ್ನು ಎರಡು ಸಲ ಎಣಿಸಿದಂತೆ. ಮಹಲನೋಬಿಸ್ ಸರಾಸರಿಗಳ ಅಂತರವನ್ನು ಹರವಿನಿಂದಲೇ ಅಳೆದರು, ಅಳತೆಗಳ ನಡುವಿನ ನಂಟನ್ನೂ ಕಳೆದರು. 1936ರಲ್ಲಿ ಅದು ‘ಡಿ-ಸ್ಕ್ವೇರ್’ ಆಗಿ ಪೂರ್ಣ ರೂಪದಲ್ಲಿ ಪ್ರಕಟವಾಯಿತು. ಒಂದು ಕ್ವಿಂಟಲ್ ವ್ಯತ್ಯಾಸ ಮೊದಲ ಹೊಲದಲ್ಲಿ ದೊಡ್ಡ ಸುದ್ದಿ, ಎರಡನೆಯದರಲ್ಲಿ ಏನೂ ಅಲ್ಲ. ಈ ಮಾತನ್ನು ಡಿ-ಸ್ಕ್ವೇರ್ ಸೂತ್ರವಾಗಿಸಿತು.

ಮುಂದಿನ ಕತೆ ನಮ್ಮ ಸೀಮೆಯದು. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲೇ, ಹೂವಿನ ಹಡಗಲಿಯಲ್ಲಿ. ಸೈನ್ಯದ ಸರ್ವೆ ವಿಭಾಗದಲ್ಲಿ ನೌಕರಿ ಹುಡುಕಿ ಕಲ್ಕತ್ತೆಗೆ ಹೋದ ಈ ಗಣಿತದ ಪದವೀಧರನಿಗೆ ಕೆಲಸ ಸಿಗಲಿಲ್ಲ; ಮಹಲನೋಬಿಸ್‌ರ ಸಂಖ್ಯಾಶಾಸ್ತ್ರ ಸಂಸ್ಥೆಯ ಪರಿಚಯವಾಯಿತು. 1941ರಲ್ಲಿ ಅಲ್ಲಿ ಸೇರಿದರು. 1946ರಲ್ಲಿ ಕೇಂಬ್ರಿಡ್ಜಿಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಗಳ ಅಳತೆಗೆ ಡಿ-ಸ್ಕ್ವೇರ್ ಹಚ್ಚಿದರು. ಸತ್ತು ಶತಮಾನಗಳಾದವರು ಯಾವ ಜನಕ್ಕೆ ಹತ್ತಿರ ಎಂದು ಬರಿಯ ಸರಾಸರಿ ಹೇಳಲಾರದು. 2023ರಲ್ಲಿ ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಅವರು ತೀರಿಕೊಂಡರು.

ಹೊಲದ ತುಂಡುಗಳನ್ನು ಅಲ್ಲಲ್ಲಿ ಆರಿಸಿ, ಕೊಯ್ದು, ತೂಗಿ ಇಡೀ ಸೀಮೆಯ ಇಳುವರಿ ಅಂದಾಜಿಸುವ ಕೆಲಸವನ್ನೂ ಮಹಲನೋಬಿಸ್ ಬಂಗಾಳದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದ್ದರು. ಬೆಳೆ ವಿಮೆಗೆಂದು ಮಸ್ಕಿ ತಾಲ್ಲೂಕಿನಲ್ಲೂ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಮುಖ್ಯ ಬೆಳೆಗಳಿಗೆ ನೋಡುವುದು ಗ್ರಾಮ ಪಂಚಾಯಿತಿಯ ಸರಾಸರಿ. ಆ ಪ್ರಯೋಗದ ಲೆಕ್ಕದ ಹಾಳೆಯಲ್ಲಿ ಹರವನ್ನೂ ಬರೆಯಬೇಕೆಂಬುದು ನನ್ನ ಒತ್ತಾಯ. ಚೆನ್ನಾಗಿ ಬೆಳೆದ ಹೊಲಗಳು ಸರಾಸರಿಯನ್ನು ಮೇಲೆತ್ತಿದರೆ, ಅದೇ ಪಂಚಾಯಿತಿಯ ಮಸಾರಿ ಹೊಲದವನು ಬೆಳೆ ಪೂರಾ ಕಳೆದುಕೊಂಡರೂ ಸರಾಸರಿಯ ಮೇಲೆ ಕೊಡುವ ಪರಿಹಾರ ಅವನಿಗೆ ಸಿಗುವುದಿಲ್ಲ.